ನಾನು ಗೆರೆ ಎಳೆಸಿದ ಶಬ್ದ

ನನಗೆ ಮರಾಠಿ ಬಲು ಚೆನ್ನಾಗಿ ಬರುತ್ತದೆ ಎಂಬ ಸೊಕ್ಕಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದ ಅನಾಹುತಕ್ಕೆ ಬೇರೆ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಆಡುವುದು ಕನ್ನಡ, ನಾನು ಓದಿದ್ದು ಮರಾಠಿ ಸಾಲೆಯಲ್ಲಿ. ಡಿಗ್ರಿ ಮುಗಿಸಿ, ವಿಶ್ವವಿದ್ಯಾಲಯವೊಂದು ಸೊಲ್ಲಾಪುರದಲ್ಲಿ ನಡೆಸುತ್ತಿದ್ದ ಸಣ್ಣ ಕೇಂದ್ರದಲ್ಲಿ ಕಾರಕೂನನಾದೆ. ಪುಣೆಯ ಕಡೆಯಿಂದ ಬಂದ ಸಾಹೇಬರೊಬ್ಬರು ನನ್ನ ಟಿಪ್ಪಣಿ ಓದಿ, ‘ನೀವು ಕಾನಡಿಯವರು ಅಂತ ಗೊತ್ತೇ ಆಗೋದಿಲ್ಲ’ ಎಂದಾಗ ವಾರಗಟ್ಟಲೆ ಬೀಗಿಕೊಂಡು ತಿರುಗಿದ್ದೆ. ಕನ್ನಡದ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಅವ್ವನ ಮಾತನ್ನು ಅವಳು ಆಡಿದ ಹಾಗೆಯೇ ಬರೆಯಬೇಕಿತ್ತು; ಯಾಕೆ ಎಂಬುದು ಈ ಬರಹ ಮುಗಿಯುವಷ್ಟರಲ್ಲಿ ತಿಳಿದೀತು.

ನನ್ನ ಟೇಬಲ್ಲಿಗೆ ಬರುತ್ತಿದ್ದುದು ನೌಕರರ ಕಾಗದಗಳು. ನೇಮಕ, ರಜೆ, ಬಡ್ತಿ, ಹಾಜರಿ ಪುಸ್ತಕದ ತಕರಾರು. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಇವುಗಳ ನಡುವೆ ಹೊಸ ಬಗೆಯ ಫೈಲೊಂದು ಬಂದು ಕೂತಿತು. ಹಂಗೇರಿಯ ಒಬ್ಬ ಹೆಣ್ಣುಮಗಳು, ನಲವತ್ತರ ಹತ್ತಿರದ ವಯಸ್ಸು, ನಮ್ಮಲ್ಲಿ ಸಸ್ಯಶಾಸ್ತ್ರ ಕಲಿಸಲು ಬರುವವರಿದ್ದರು. ಜೊತೆಗೆ ನಮ್ಮ ಸೀಮೆಯ ಹುಲ್ಲಿನ ಮೇಲೆ ಅಧ್ಯಯನ. ಹುಲ್ಲಿಗೂ ಅಧ್ಯಯನವೇ ಎಂದು ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಂಡರೆ ಕರೆಸಿಕೊಂಡವರು ಸರಕಾರಕ್ಕೆ ಹಮೀಪತ್ರ ಬರೆದುಕೊಡಬೇಕಿತ್ತು: ಇವರು ನಮ್ಮ ನೌಕರರು, ಪಗಾರ ನಾವು ಕೊಡುತ್ತೇವೆ, ಸರಕಾರಕ್ಕೆ ಭಾರವಾಗುವುದಿಲ್ಲ, ಪ್ರಸಂಗ ಬಂದರೆ ಅವರ ದೇಶಕ್ಕೆ ತಿರುಗಿ ಕಳಿಸುವ ಜವಾಬ್ದಾರಿ ನಮ್ಮದು. ಒಂದು ಸಲಕ್ಕೆ ಒಂದೇ ವರ್ಷದ ಪರವಾನಗಿ. ಪ್ರತಿ ಬೇಸಿಗೆಯಲ್ಲೂ ಹೊಸ ಹಮೀಪತ್ರ, ಪೊಲೀಸರ ಚೌಕಶಿ ಅಂದರೆ ವಿಚಾರಣೆ, ಮುಂಬಯಿಯ ಸರಕಾರಿ ಕಚೇರಿಗೆ ಹೋಗಿಬರುವ ಫೈಲು. ಟೈಪು ಮಾಡುವವನು ನಾನು, ಸಹಿ ಹಾಕುವವರು ರಜಿಸ್ಟ್ರಾರರು.

ಹಂಗೇರಿಯ ಆ ಹೆಣ್ಣುಮಗಳಿಗೆ ಅಧ್ಯಯನಕ್ಕೆ ನೇಗಿಲು ಕಾಣದ ನೆಲ ಬೇಕಿತ್ತು. ಮೊದಲು ಬೋರಾಮಣಿಯ ಮಾಳಕ್ಕೆ ಹೋಗಿ ಬಂದರು. ಅಲ್ಲಿ ಕುರಿ ಮೇಯುತ್ತವೆ, ಮೂರು ಮಳೆಗಾಲ ಬೇಲಿ ಹಾಕಿ ಮುಚ್ಚಿಡಲು ಯಾರೂ ಒಪ್ಪಲಿಲ್ಲ. ಆಗ ನಾನು ದೊಡ್ಡಸ್ತಿಕೆ ತೋರಿಸಿಕೊಳ್ಳಲು ಹೋಗಿ, ಅಕ್ಕಲಕೋಟೆಯ ಹತ್ತಿರದ ಹನ್ನೂರಿನಲ್ಲಿ ನಮ್ಮ ಹೊಲದ ಮೇಲುಗಡೆ ಬೀಳು ಬಿಟ್ಟ ನೆಲ ಇದೆ ಎಂದೆ. ಹೊಲ ನೋಡಿಕೊಳ್ಳುವವನು ಅಣ್ಣ. ಅವನು ತಕರಾರು ಮಾಡದೆ ಜಾಲಿಮುಳ್ಳಿನ ಬೇಲಿ ಹಾಕಿಸಿ ನಾಲ್ಕು ತುಂಡು ಮಾಡಿಕೊಟ್ಟ. ಹೀಗಾಗಿ ಅವರು ವಾರದಲ್ಲಿ ಮೂರು ದಿನ ಸೊಲ್ಲಾಪುರದಲ್ಲಿ ಪಾಠ ಮಾಡಿ, ಉಳಿದ ದಿನ ಅಕ್ಕಲಕೋಟೆಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇರತೊಡಗಿದರು. ಸರಕಾರಿ ದಫ್ತರದಲ್ಲಿ ಅವರ ವಿಳಾಸವೂ ಅದೇ ಆಯಿತು.

ಮರಾಠಿಯಲ್ಲಿ ಮಾಸ್ತರಿಣಿಯನ್ನು ಬಾಯಿ ಎನ್ನುತ್ತಾರೆ, ಗೌರವದ ಮಾತು. ಹನ್ನೂರಿನ ಮಂದಿ ಇವರನ್ನು ಹುಲ್ಲಬಾಯಿ ಎಂದು ಕರೆದರು. ಕನ್ನಡದ ಕಿವಿಗೆ ಅದು ಬಾಯಿ ತುಂಬ ಹುಲ್ಲು ಎಂದಂತೆ ಕೇಳಿಸುತ್ತದೆ. ಆರು ತಿಂಗಳ ಮೇಲೆ ಅವರಿಗೆ ಈ ತಮಾಷೆ ತಿಳಿಯಿತು. ಅವ್ವನ ಮುಂದೆ ಹುಲ್ಲಿನ ಎಸಳೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತು, ‘ಅವ್ವಾ, ನೋಡ್ರಿ, ಹುಲ್ಲ, ಬಾಯಿ’ ಎಂದರು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲೇ ಇಲ್ಲ.

ಅವರಿಬ್ಬರಿಗೂ ಹೇಗೆ ಹೊಂದಿಕೆಯಾಯಿತೋ ನನಗೆ ಗೊತ್ತಿಲ್ಲ. ನಾನು ಶನಿವಾರ ಊರಿಗೆ ಬಂದರೆ ಒಲೆಯ ಮುಂದೆ ಇಬ್ಬರೂ ಕೂತಿರುತ್ತಿದ್ದರು. ಅವ್ವ ರೊಟ್ಟಿ ತಟ್ಟುತ್ತ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು. ದನಿ ಏರಿಸಿದರೆ ಭಾಷೆ ತಿಳಿಯುತ್ತದೆ ಎಂದು ಅವಳ ಲೆಕ್ಕ. ನಿಜವಾಗಿಯೂ ಅವರಿಗೆ ತಿಳಿಯಿತು. ವರ್ಷ ತುಂಬುವಷ್ಟರಲ್ಲಿ ಅವರ ಕನ್ನಡ ನನ್ನ ಇಂಗ್ಲಿಷಿಗಿಂತ ಚೆನ್ನಾಗಿತ್ತು. ಒಂದು ದಿನ ಅವ್ವ ಅವರಿಗೆ ನಿಮ್ಮ ತಂದೆತಾಯಿ ಎಲ್ಲಿದ್ದಾರೆ ಎಂದು ಕೇಳಿದಳು. ಅವರು ಕೈ ನೆಲಕ್ಕೆ ತೋರಿಸಿದರು. ಯುದ್ಧದಲ್ಲಿ ಮನೆಯ ಮೇಲೆ ಬಾಂಬು ಬಿದ್ದಿತ್ತಂತೆ, ಆಗ ಇವರಿಗೆ ಎಂಟು ವರ್ಷ. ಅಂದಿನಿಂದ ಅವ್ವ ಬಾಡಿಗೆ ಮುಟ್ಟಲಿಲ್ಲ, ಅವರ ಊಟದ ತಾಟನ್ನು ಬೇರೆ ಇಡಲಿಲ್ಲ. ಓಣಿಯ ಹೆಂಗಸರಿಗೆ ಹೇಳುವಾಗಲೆಲ್ಲ ಒಂದೇ ಮಾತು. ‘ಪರದೇಶಿ ಹೆಣ್ಮಗಳವ್ವಾ. ಹಿಂದಿಲ್ಲ ಮುಂದಿಲ್ಲ. ನಾವ ನೋಡಬೇಕಲ್ಲ.’

ನಮ್ಮ ಕಡೆ ಪರದೇಶಿ ಎಂದರೆ ಹೊರದೇಶದವರು ಎಂದು ಅರ್ಥವಲ್ಲ. ದಿಕ್ಕಿಲ್ಲದವರು, ತಬ್ಬಲಿಗಳು. ತಾಯಿ ಸತ್ತ ಕರುವೂ ಪರದೇಶಿಯೇ. ಬೈಗುಳವಾಗಿಯೂ ಬರುತ್ತದೆ, ಕರುಳು ಕರಗಿದಾಗಲೂ ಬರುತ್ತದೆ. ಅವ್ವ ಅಂದದ್ದು ಎರಡನೆಯ ಬಗೆ. ಮರಾಠಿಯಲ್ಲಿ ಅದೇ ಶಬ್ದ ಬರೀ ಹೊರದೇಶದವರಿಗೆ.

ಮೊದಲ ಎರಡು ಮಳೆಗಾಲ ಚೆನ್ನಾಗಿ ಹೋದವು. ಬಾಯಿ ಪ್ರತಿ ವಾರ ಹುಲ್ಲಿನ ಎತ್ತರ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಅವ್ವ ಎತ್ತಿನ ಗಾಡಿಯಲ್ಲಿ ಜೊತೆಗೆ ಹೋಗಿ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಒಂದು ತುಂಡಿನಲ್ಲಿ ಮೇಯಲು ಬಿಟ್ಟದ್ದು, ಒಂದರಲ್ಲಿ ಕೊಯ್ದದ್ದು, ಒಂದರಲ್ಲಿ ಸುಟ್ಟದ್ದು, ಒಂದನ್ನು ಮುಟ್ಟದೆ ಬಿಟ್ಟದ್ದು. ಯಾವುದು ಚೆನ್ನಾಗಿ ತಿರುಗಿ ಬರುತ್ತದೆ ಎಂಬುದು ಮೂರನೆಯ ಮಳೆಗೆ ತಿಳಿಯುತ್ತದೆ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ‘ಎರಡು ಮಳೆ ಅಂದ್ರ ಏನೂ ಇಲ್ಲ. ಮೂರು ಬೇಕು’ ಎಂದು ಮೂರು ಬೆರಳು ಎತ್ತಿ ತೋರಿಸುತ್ತಿದ್ದರು. ಹೀಗಾಗಿ ಎಪ್ಪತ್ತಾರರ ಪರವಾನಗಿಯ ಮೇಲೆ ಎಲ್ಲವೂ ನಿಂತಿತ್ತು.

ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂದಿತ್ತು. ಕಚೇರಿಗೆ ಹತ್ತು ನಿಮಿಷ ತಡವಾದರೆ ಎದೆ ಹಾರುವ ದಿನಗಳು. ಹೊರದೇಶದವರೆಂದರೆ ಎಲ್ಲರಿಗೂ ಗುಮಾನಿ. ಹಿಂದಿನ ವರ್ಷ ಚೌಕಶಿಗೆ ಯಾರೂ ಮನೆಗೆ ಬಂದಿರಲಿಲ್ಲ, ಈ ಸಲ ಏಪ್ರಿಲ್ ತಿಂಗಳ ಒಂದು ಭಾನುವಾರ ಹವಾಲ್ದಾರರೊಬ್ಬರು ಬಂದು ಪಡಸಾಲೆಯಲ್ಲಿ ಕೂತರು. ಬಾಯಿ ಹನ್ನೂರಿಗೆ ಹೋಗಿದ್ದರು. ಮನೆಯ ಯಜಮಾನಿಯ ಜಬಾಬು ಬೇಕು, ಎಂದರೆ ಅವ್ವನ ಹೇಳಿಕೆ. ಹವಾಲ್ದಾರರು ಪಂಢರಪುರದ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ನಾನು ನಡುವೆ ಕೂತೆ, ಅವ್ವ ಹೇಳಿದ್ದನ್ನು ಮರಾಠಿಯಲ್ಲಿ ಹೇಳಲು.

‘ಅಕಿ ಭಾಳ ಚಲೋ ಹೆಣ್ಮಗಳ್ರಿ’ ಎಂದಳು ಅವ್ವ. ‘ಪರದೇಶಿ ಅದಾಳ, ಪಾಪ. ನಮ್ಮ ಮನ್ಯಾಗ ಉಂಡಕೊಂಡ ಇರ್ತಾಳ. ಯಾರ ತಂಟೆಕ್ಕೂ ಹೋಗಂಗಿಲ್ಲ. ನಾ ನೋಡಕೋತೀನಿ.’

ಪರದೇಶಿ ಎಂಬ ಶಬ್ದ ಹವಾಲ್ದಾರರಿಗೆ ನನ್ನ ನೆರವಿಲ್ಲದೆ ತಿಳಿಯಿತು. ಖುಷಿಯಾಗಿ ತಲೆಯಾಡಿಸಿ ಹಾಗೆಯೇ ಬರೆದುಕೊಂಡರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಹೊರದೇಶದ ಹೆಂಗಸು, ಒಳ್ಳೆಯವಳು, ತಂಟೆಯಿಲ್ಲ ಎಂದಾಗಿ ಚೌಕಶಿ ಮುಗಿಯುತ್ತಿತ್ತು. ನಾನು ಅವರ ಭುಜದ ಮೇಲಿಂದ ಇಣುಕಿ ನೋಡಿದೆ. ನನಗೆ ಆ ಶಬ್ದ ತಪ್ಪಾಗಿ ಕಂಡಿತು. ಅವ್ವನ ಅರ್ಥವೇ ಬೇರೆ, ಇವರು ಬರೆದದ್ದೇ ಬೇರೆ. ಎರಡೂ ಭಾಷೆ ಬಲ್ಲ ನಾನು ಇಲ್ಲಿ ಕೂತಿರುವುದು ಯಾತಕ್ಕೆ?

‘ಹವಾಲ್ದಾರ ಸಾಹೇಬ, ಈ ಪರದೇಶಿ ನಿಮ್ಮ ಪರದೇಶಿ ಅಲ್ಲ’ ಎಂದು ಮರಾಠಿಯಲ್ಲಿ ಪಾಠ ಶುರುಮಾಡಿದೆ. ಕಾನಡಿಯಲ್ಲಿ ಹೀಗೆ, ಮರಾಠಿಯಲ್ಲಿ ಹಾಗೆ ಎಂದು ವಿವರಿಸಿದೆ. ಅವರು ಗಲ್ಲ ಕೆರೆದುಕೊಂಡು, ‘ಮತ್ತೆ ಏನು ಬರೆಯಲಿ?’ ಎಂದರು. ನಾನು ಬೆರಳಿನಿಂದ ಆ ಶಬ್ದದ ಮೇಲೆ ಗೆರೆ ಎಳೆದು ತೋರಿಸಿ, ‘ನಿರಾಧಾರ’ ಎಂದೆ. ಮರಾಠಿಯಲ್ಲಿ ದಿಕ್ಕು, ಗಳಿಕೆ ಎರಡೂ ಇಲ್ಲದವರಿಗೆ ಹೇಳುವ ಶಬ್ದ. ಅವರು ಗೆರೆ ಎಳೆದು, ಮೇಲೆ ನಿರಾಧಾರ ಎಂದು ಬರೆದು, ಪಕ್ಕದಲ್ಲಿ ತಮ್ಮ ಸಣ್ಣ ಸಹಿ ಹಾಕಿದರು. ಅವ್ವ ನನ್ನ ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಹವಾಲ್ದಾರರು ಮಜ್ಜಿಗೆ ಕುಡಿದು ಹೋದರು. ಅಂದು ನನಗೆ ಏನೋ ಸಾಧಿಸಿದ ಖುಷಿ.

ಮೇ ತಿಂಗಳ ಎರಡನೆಯ ವಾರ ಜಿಲ್ಲಾ ಪೊಲೀಸ್ ಕಚೇರಿಯಿಂದ ನಮ್ಮ ರಜಿಸ್ಟ್ರಾರರಿಗೆ ಪತ್ರ ಬಂದಿತು. ಸಂಸ್ಥೆಯ ಹಮೀಪತ್ರದಲ್ಲಿ ಸದರಿ ಮಹಿಳೆಗೆ ಪಗಾರ ಇದೆ ಎಂದಿದೆ, ಸ್ಥಳೀಯ ಚೌಕಶಿಯಲ್ಲಿ ಆಕೆ ನಿರಾಧಾರಳೆಂದೂ ಮನೆ ಮಾಲೀಕರ ಅನ್ನದ ಮೇಲೆ ಇದ್ದಾಳೆಂದೂ ಕಂಡುಬಂದಿದೆ, ವಿವರಣೆ ಕೊಡಿ. ಕೆಳಗಿನ ಸಾಲಿನಲ್ಲಿ, ಚೌಕಶಿಯ ವರದಿಯನ್ನು ಮುಂಬಯಿಗೆ ಕಳಿಸಿಯಾಗಿದೆ ಎಂದಿತ್ತು.

ರಜಿಸ್ಟ್ರಾರರು ನನ್ನನ್ನು ಕರೆದರು. ‘ನಾನು ಸುಳ್ಳು ಹಮೀಪತ್ರಕ್ಕೆ ಸಹಿ ಹಾಕಿದೆ ಅಂತ ಆಯಿತು. ಈ ದಿನಗಳಲ್ಲಿ ಇದರ ಅರ್ಥ ಗೊತ್ತೇನು ನಿಮಗೆ? ನಿಮ್ಮ ಮನೆಯದೇ ಜಬಾಬು ಇದು. ಈ ಶಬ್ದ ಬರೆಸಿದವರು ಯಾರು?’

ನಾನು, ‘ಹವಾಲ್ದಾರರಿಗೆ ಕನ್ನಡ ಬರುವುದಿಲ್ಲ ಸರ್. ತಪ್ಪು ತಿಳಿದು ಬರೆದಿರಬೇಕು’ ಎಂದೆ.

ಎಷ್ಟು ಸಲೀಸಾಗಿ ಅಂದೆ. ಹೊಸದಾಗಿ ಮದುವೆಯಾಗಿತ್ತು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಇವೆಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ಇವು ಯಾವುವೂ ನನ್ನ ತಲೆಯಲ್ಲಿ ಇರಲಿಲ್ಲ. ಬರೀ ಹೆದರಿಕೆ ಇತ್ತು. ಬೇರೆಯವರ ಹೆಸರು ನಾಲಿಗೆಯ ತುದಿಗೆ ತಾನಾಗಿ ಬಂದಿತು.

ಪೊಲೀಸ್ ಕಚೇರಿಯ ಅಧಿಕಾರಿ ಒಂದು ದಾರಿ ಹೇಳಿದರು. ಮುದುಕಿಯನ್ನು ಕರೆತನ್ನಿ, ಹವಾಲ್ದಾರರನ್ನೂ ಕರೆಸುತ್ತೇನೆ, ನನ್ನ ಮುಂದೆ ಹೊಸ ಜಬಾಬು ಆಗಲಿ. ಅಂದರೆ ಅವ್ವ, ಹವಾಲ್ದಾರ, ನಾನು ಮೂವರೂ ಒಂದೇ ಕೋಣೆಯಲ್ಲಿ. ಅಕ್ಕಲಕೋಟೆಗೆ ಹೋಗಿ ಅವ್ವನಿಗೆ ಹೇಳಿದೆ. ನೀನು ಪರದೇಶಿ ಅಂದದ್ದು ತೊಡಕಾಗಿದೆ, ಸಾಹೇಬರ ಮುಂದೆ ಬಂದು ಅವರಿಗೆ ಪಗಾರ ಇದೆ, ಎಲ್ಲ ಇದೆ ಎಂದು ಹೇಳಬೇಕು ಎಂದೆ. ನಾನು ಹೇಳಿದ್ದು ಇಷ್ಟೆ. ತೊಡಕಾದದ್ದು ಅವಳ ಶಬ್ದವಲ್ಲ, ನನ್ನದು ಎಂದು ಹೇಳಲಿಲ್ಲ.

‘ನಾ ಅಂದಿದ್ದಕ್ಕ ಅಕಿನ್ನ ಕಳಸ್ತಾರೇನ?’ ಎಂದು ಅವ್ವ ಕೇಳಿದಳು.

‘ನೀ ಬಂದ ಹೇಳಿದ್ರ ಕಳಸಂಗಿಲ್ಲ.’

ಮರುದಿನ ಮುಂಜಾನೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಬಂದೆವು. ಅವ್ವ ಮದುವೆಗೆ ಉಡುವ ಇಳಕಲ್ಲ ಸೀರೆ ಉಟ್ಟಿದ್ದಳು. ಅಧಿಕಾರಿ ಒಳ್ಳೆಯವರೇ, ಅವಳಿಗೆ ಕುರ್ಚಿ ಕೊಡಿಸಿದರು. ಹವಾಲ್ದಾರರು ಬಾಗಿಲ ಬಳಿ ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಅಧಿಕಾರಿ ಹಳೆಯ ಜಬಾಬನ್ನು ತೆಗೆದು, ಗೆರೆ ಎಳೆದ ಜಾಗದ ಮೇಲೆ ಪೆನ್ನಿಟ್ಟು ಕೇಳಿದರು. ‘ಮೊದಲು ಪರದೇಶಿ ಅಂತ ಸರಿಯಾಗಿಯೇ ಬರೆದಿದ್ದೀರಿ. ಮತ್ತೆ ಯಾಕೆ ಹೊಡೆದುಹಾಕಿ ನಿರಾಧಾರ ಅಂತ ಬರೆದಿರಿ?’

ಹವಾಲ್ದಾರರು ನನ್ನ ಮುಖ ನೋಡಿದರು. ನಾನು ಟೇಬಲ್ಲಿನ ಮೇಲಿದ್ದ ಶಾಯಿ ಕುಡಿಕೆ ನೋಡಿದೆ. ‘ಸಾಹೇಬ, ಆಗ ಈ...’ ಎಂದು ಅವರು ಬಾಯಿ ತೆರೆದರು.

‘ನಾನ ಅಂದ್ನಿರಿ, ಸಾಹೇಬ್ರ’ ಎಂದಳು ಅವ್ವ. ಸಂತೆಯಲ್ಲಿ ವ್ಯವಹಾರ ಮಾಡುವಷ್ಟು ಮರಾಠಿ ಅವಳಿಗೆ ತಿಳಿಯುತ್ತಿತ್ತು. ‘ಅವ್ರ ಬರೋಬ್ಬರಿ ಬರದಿದ್ರು. ನಾನ ಹಂಗಲ್ಲ ಹಿಂಗ ಅಂತ ಹೇಳಿ ಹೊಡಿಸೀನಿ. ನಂದ ತಪ್ಪರಿ. ಹಳ್ಳಿ ಮಂದಿ, ಬಾಯಿಗಿ ಬಂದದ್ದ ಅಂತೀವಿ.’

ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಬೇಕಾಯಿತು. ಹೇಳಿದೆ. ನನ್ನ ದನಿಯಲ್ಲೇ, ನನ್ನ ಒಳ್ಳೆಯ ಮರಾಠಿಯಲ್ಲೇ. ಹವಾಲ್ದಾರರು ಅವ್ವನನ್ನು ಒಮ್ಮೆ ನೋಡಿ ನೆಲ ನೋಡುತ್ತ ನಿಂತರು. ಅವರಿಗೂ ಹಗುರಾಗಿರಬೇಕು.

ಅಧಿಕಾರಿ ಹೊಸ ಜಬಾಬು ಬರೆಸತೊಡಗಿದರು. ಪಗಾರ ಇದೆಯೇ? ಇದೆ. ತನ್ನ ಖರ್ಚು ತಾನು ನೋಡಿಕೊಳ್ಳುತ್ತಾಳೆಯೇ? ಹೌದು. ಅವಳಿಗೆ ತನ್ನವರು ಎನ್ನುವವರು ಯಾರಾದರೂ ಇದ್ದಾರೆಯೇ? ಇದನ್ನು ನಾನು ಕನ್ನಡದಲ್ಲಿ ಕೇಳಿದಾಗ ಅವ್ವ ತಟ್ಟನೆ, ‘ನಾ ಅದೀನಲ್ಲರಿ’ ಎಂದಳು. ಅಧಿಕಾರಿ ಸಣ್ಣಗೆ ನಕ್ಕು, ಅದನ್ನು ಬರೆಯಲು ಬರುವುದಿಲ್ಲ ಎಂದರು. ಆ ಸಾಲು ಖಾಲಿ ಉಳಿಯಿತು.

ಅಕ್ಕಲಕೋಟೆಯ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಿದ್ದಳು. ಊರು ದಾಟಿ ಕಪ್ಪು ಹೊಲ ಶುರುವಾದ ಮೇಲೆ ನನ್ನ ಕಡೆ ತಿರುಗದೆ ಕೇಳಿದಳು. ‘ತಮ್ಮಾ, ಅವತ್ತ ನೀ ಬೆರಳ ಮಾಡಿ ಹೊಡಿಸಿದೆಲ್ಲ, ಅದು ಏನ ಇತ್ತು?’

‘ಏನಿಲ್ಲವ್ವ. ಊರ ಹೆಸರ ತಪ್ಪ ಬರದಿದ್ದ’ ಎಂದೆ.

‘ಹೂಂ’ ಎಂದಳು.

ಹೊಸ ಜಬಾಬು ಮುಂಬಯಿ ಮುಟ್ಟುವ ಮೊದಲೇ ಅಲ್ಲಿಂದ ಉತ್ತರ ಹೊರಟಿತ್ತು. ಮುದತು ಹೆಚ್ಚಿಸಲು ಬರುವುದಿಲ್ಲ, ಪರವಾನಗಿ ಮುಗಿಯುವುದರೊಳಗೆ ದೇಶ ಬಿಡಬೇಕು. ಜೂನಿನ ಮೊದಲ ವಾರ ಅದು ಮುಗಿಯುತ್ತಿತ್ತು. ಮರುವಿಚಾರಕ್ಕೆ ನಾನು ಎರಡು ಅರ್ಜಿ ಟೈಪು ಮಾಡಿದೆ. ರಜಿಸ್ಟ್ರಾರರು ಒಂದಕ್ಕೆ ಸಹಿ ಹಾಕಿದರು, ಇನ್ನೊಂದಕ್ಕೆ ಸಾಕು ಬಿಡಿ ಎಂದರು. ಹಮೀಪತ್ರದ ಕೊನೆಯ ಸಾಲು, ತಿರುಗಿ ಕಳಿಸುವ ಜವಾಬ್ದಾರಿ ನಮ್ಮದು ಎಂದಿತ್ತಲ್ಲ, ಅದೊಂದನ್ನು ಮಾತ್ರ ನಮ್ಮ ಕಚೇರಿ ತಕರಾರಿಲ್ಲದೆ ಪಾಲಿಸಿತು. ಟಿಕೇಟಿನ ಕಾಗದವನ್ನೂ ನಾನೇ ಮಾಡಿದೆ.

ಬಾಯಿ ಒಂದು ಮಧ್ಯಾಹ್ನ ನನ್ನ ಟೇಬಲ್ಲಿನ ಎದುರು ಬಂದು ಕೂತು, ಪೊಲೀಸರ ಪತ್ರದಲ್ಲಿದ್ದ ನಿರಾಧಾರ ಎಂದರೆ ಏನು ಎಂದು ಕೇಳಿದರು. ಆಧಾರ ಇಲ್ಲದವರು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ‘ಅಂದ್ರ ಪರದೇಶಿ’ ಎಂದರು. ‘ಅವ್ವ ನನಗ ದಿನಾ ಅಂತಾರ. ಅವ್ವನ ಬಾಯಾಗ ಅದು ಕೆಟ್ಟ ಮಾತ ಅಲ್ಲ.’ ಆಗಲಾದರೂ ಹೇಳಬಹುದಿತ್ತು. ನಾನು ಅವರ ಮುಂದೆ ಸಹಿ ಹಾಕಬೇಕಾದ ರಸೀದಿ ಸರಿಸಿದೆ.

ಅವರು ಹೊರಟ ದಿನ ನೆತ್ತಿಯ ಮೇಲೆ ಮೋಡ ಕಟ್ಟಿತ್ತು. ಅವ್ವ ಸೇಂಗಾ ಹೋಳಿಗೆಯ ಡಬ್ಬಿ ಕೊಟ್ಟು ತಲೆಯ ಮೇಲೆ ಕೈಯಿಟ್ಟಳು. ಬಾಯಿ ಮೋಡ ನೋಡಿ ಮೂರು ಬೆರಳು ಎತ್ತಿದರು, ಮತ್ತೆ ಒಂದನ್ನು ಮಡಚಿದರು. ವಾರದೊಳಗೆ ಹನ್ನೂರಿನಲ್ಲಿ ಮಳೆಯಾಯಿತು, ಒಳ್ಳೆಯ ಮಳೆ. ಇನ್ನು ಬೇಲಿ ತೆಗೆದು ಎತ್ತು ಬಿಡುತ್ತೇನೆ ಎಂದ ಅಣ್ಣ. ಅವ್ವ ಬಿಡಲಿಲ್ಲ.

ಜುಲೈಯ ಒಂದು ಶನಿವಾರ ನಾನು ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ನಾಲ್ಕು ದಾರದ ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಹನ್ನೂರಿಗೆ ಹೋಗಿ ಬಂದಿದ್ದಳು. ಒಂದೊಂದು ತುಂಡಿನ ಹುಲ್ಲಿಗೆ ದಾರ ಹಿಡಿದು, ಎತ್ತರ ಎಷ್ಟಿದೆಯೋ ಅಷ್ಟಕ್ಕೆ ಕತ್ತರಿಸಿ ತಂದಿದ್ದಳು. ಗುರುತಿಗೆ ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ.

‘ಪಟ್ಟಿ ತಗೊಂಡ ಅಳತಿ ಮಾಡ. ಅಳದ ಅಕಿಗಿ ಕಾಗದ ಬರಿ’ ಎಂದಳು. ‘ವಾರಾ ವಾರಾ ನಾ ತರ್ತೀನಿ. ಅಕಿ ಮೂರನೇ ಮಳಿ ಅಕಿಗಿ ಮುಟ್ಟಬೇಕು.’

ನಾನು ಅಳೆದು ಒಂದು, ಎರಡು ಬರೆದೆ. ಮೂರನೆಯ ದಾರ, ಸುಟ್ಟು ಬಿಟ್ಟ ತುಂಡಿನದು, ಹಿಂದಿನ ವರ್ಷದ್ದಕ್ಕಿಂತ ತೀರಾ ಗಿಡ್ಡ. ಅಂಕಿ ಬರೆದವನು ಸರಿಯಿಲ್ಲ ಅನಿಸಿ ಅದರ ಮೇಲೆ ಪೆನ್ನು ಇಟ್ಟೆ. ‘ಇದು ಭಾಳ ಕಡಿಮಿ ಆತವ್ವ. ಕತ್ತರಸುವಾಗ ನೀ ತಪ್ಪಿರಬೇಕು. ಒಂದೀಟ ಹೆಚ್ಚ ಮಾಡಿ ಬರೀಲೇನು?’

ಅವ್ವ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು.

‘ನಾ ಹೆಂಗ ತಂದೀನಿ ಹಂಗ ಬರಿ, ತಮ್ಮಾ. ಈ ಸಲ ಏನೂ ಹೊಡಿಬ್ಯಾಡ.’